ಕಂಪ್ಯೂಟರ್ ಕಟ್ಟೆ: ಹಗೇವಿನ ಬಾಯಿ ಮುಚ್ಚಿದವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ದೂರಿನವು. ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶ ಲಿನಕ್ಸಿನ ಹೊಸ ಆವೃತ್ತಿ ಬಂತು, ಇಷ್ಟು ದಿನ ಇದ್ದ ಸೌಲಭ್ಯವೊಂದು ಮಾಯವಾಯಿತು, ತೆಗೆಯುವ ಮುಂಚೆ ನಮ್ಮನ್ನು ಕೇಳಿದರೇ? ಸಿಟ್ಟು ಎಲ್ಲ ಪತ್ರಗಳಲ್ಲೂ ಇದೆ. ಒಂದರಲ್ಲಿ ನನ್ನ ಮೇಲೂ ಇದೆ. ಅದರಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಶರಣು ಸರ್. ಗಂಜಿನಲ್ಲಿ ದಾಲ್ ಮಿಲ್ ಒಂದರ ಲೆಕ್ಕ ಬರೆಯುತ್ತೇನೆ. ತೂಕದ ಕಾಟಾಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರಿಗೆ ನಿಮ್ಮ ಅಂಕಣ ಓದಿಯೇ ಡೆಬಿಯನ್ ಎಂಬ ಲಿನಕ್ಸಿನ 12ನೇ ಆವೃತ್ತಿ ಹಾಕಿಸಿದ್ದೆ. ಈಗ 13ಕ್ಕೆ ಏರಿಸಲು ಹೋದರೆ 32 ಬಿಟ್ ಯಂತ್ರಕ್ಕೆ ಇನ್‌ಸ್ಟಾಲರೇ ಇಲ್ಲವಂತೆ. ತೊಗರಿ ಸುಗ್ಗಿ ಎದುರಿಗಿದೆ. ಕಂಪನಿಗಳು ಹೀಗೆ ಕೈಬಿಡುತ್ತವೆ ಎಂದೇ ಅಲ್ಲವೇ ನೀವು ಮುಕ್ತ ತಂತ್ರಾಂಶ ಹಿಡಿಯಿರಿ ಎಂದದ್ದು? ಇವರೂ ಹಾಗೆಯೇ ಮಾಡಿದರೆ ನಾವು ಎಲ್ಲಿಗೆ ಹೋಗಬೇಕು?
(ಲೆಕ್ಕಿಗರು, ಕಲಬುರಗಿ)

ಉತ್ತರ: ಹಾಕಿಸಿದ ಪಾಪ ನನ್ನದು, ಆದ್ದರಿಂದ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ. ಮೊದಲ ಮಾತು, ಸುಗ್ಗಿ ಮುಗಿಯುವವರೆಗೆ ಆ ಯಂತ್ರವನ್ನು ಯಾರೂ ಮುಟ್ಟಬಾರದು. ಗಾಡಿಗಳು ಸಾಲುಗಟ್ಟಿ ನಿಂತಾಗ ಕಾಟಾದ ಕಂಪ್ಯೂಟರ್ ಬಿಚ್ಚಿ ಕುಳಿತವನಿಗೆ ರೈತರು ಏನನ್ನುತ್ತಾರೆ ಎಂಬುದು ನನಗೆ ಗೊತ್ತು, ಒಮ್ಮೆ ಅನ್ನಿಸಿಕೊಂಡಿದ್ದೇನೆ. ಡೆಬಿಯನ್ 12 ನಾಳೆಯೇ ಸಾಯುವುದಿಲ್ಲ. ಅದರ ದೀರ್ಘಾವಧಿ ಭದ್ರತಾ ಬೆಂಬಲ 2028ರ ಜೂನ್ ತನಕ ಇದೆ.

ಎರಡನೆಯದಾಗಿ, ನಿಮ್ಮ ಯಂತ್ರ ನಿಜವಾಗಿಯೂ 32 ಬಿಟ್‌ನದೇ? ಬಿಟ್ ಎಂದರೆ ಪ್ರೊಸೆಸರ್ ಒಂದೇ ಏಟಿಗೆ ಹಿಡಿಯುವ ಅಂಕೆಯ ಅಳತೆ, 32 ಹಳೆಯದು, 64 ಈಗಿನದು. ಟರ್ಮಿನಲ್ ತೆರೆದು ಎಲ್, ಎಸ್, ಸಿ, ಪಿ, ಯು ಎಂಬ ಐದು ಸಣ್ಣಕ್ಷರಗಳನ್ನು ಬೆರಳಚ್ಚಿಸಿ ಎಂಟರ್ ಒತ್ತಿ. ಬರುವ ಪಟ್ಟಿಯ ಮೇಲ್ಭಾಗದಲ್ಲಿ 32 ಮತ್ತು 64 ಎರಡೂ ಅಂಕೆಗಳು ಒಂದೇ ಸಾಲಿನಲ್ಲಿ ಕಂಡರೆ ನಿಮ್ಮ ಚಿಂತೆ ಅಲ್ಲಿಗೆ ಮುಗಿಯಿತು. ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಅಂಗಡಿಗೆ 32 ಬಿಟ್‌ನದು ಎಂದು ಹೊತ್ತು ತರುವ ಯಂತ್ರಗಳಲ್ಲಿ ಹೆಚ್ಚಿನವು ಕೋರ್ 2 ಡ್ಯುಯೋ ಪ್ರೊಸೆಸರಿನವು. 2006ರಲ್ಲಿ ಬಂದ ಆ ಪ್ರೊಸೆಸರ್ ಹುಟ್ಟಿನಿಂದಲೇ 64 ಬಿಟ್‌ನದು. ಮಾರಿದವರ ಕೈಯಲ್ಲಿ ಅಂದು ಇದ್ದ ಸಿ.ಡಿ. 32 ಬಿಟ್‌ನದಾಗಿತ್ತು, ಅದನ್ನೇ ಹಾಕಿ ಕಳಿಸಿದರು, ಅಷ್ಟೇ. ಹಾಗಿದ್ದರೆ ಲೆಕ್ಕದ ಕಡತಗಳನ್ನು ಎರಡು ಕಡೆ ನಕಲು ಮಾಡಿಟ್ಟು, 64 ಬಿಟ್‌ನ ಡೆಬಿಯನ್ 13ನ್ನು ಹೊಸದಾಗಿ ಹಾಕಿಸಿ. ಇದ್ದದ್ದರ ಮೇಲೆಯೇ ಏರಿಸಲು ಹೋಗಬೇಡಿ. ಕಾಟಾದಿಂದ ಬರುವ ಸೀರಿಯಲ್ ಕೇಬಲ್ ಬಗ್ಗೆ ಭಯ ಬೇಡ, ಸೀರಿಯಲ್ ಪೋರ್ಟಿನ ಬೆಂಬಲವನ್ನು ಯಾರೂ ತೆಗೆದಿಲ್ಲ.

ಪಟ್ಟಿಯಲ್ಲಿ 64 ಕಾಣದಿದ್ದರೆ, ಅಂದರೆ ಮೊದಮೊದಲ ಪೆಂಟಿಯಂ 4 ಅಥವಾ ಆಮೇಲೆ ಬಂದ ಪುಟ್ಟ ಲ್ಯಾಪ್‌ಟಾಪಿನ ಆ್ಯಟಮ್ ಎನ್ 270 ಪ್ರೊಸೆಸರ್ ಇದ್ದರೆ, ಇಂಟರ್ನೆಟ್ ಜೋಡಣೆ ಕಿತ್ತು 12ರಲ್ಲೇ ಬಿಡಿ. ಕಾಟಾಕ್ಕೆ ಇಂಟರ್ನೆಟ್ ಏಕೆ? ಲಿನಕ್ಸಿನಂತೆಯೇ ಮುಕ್ತವಾದ ಓಪನ್‌ಬಿಎಸ್‌ಡಿ ಮತ್ತು ನೆಟ್‌ಬಿಎಸ್‌ಡಿ ವ್ಯವಸ್ಥೆಗಳು ಇನ್ನೂ 32 ಬಿಟ್ ಪಿ.ಸಿ.ಗಳಿಗೆ ಬರುತ್ತವೆ ನಿಜ, ಆದರೆ ಅವುಗಳನ್ನು ಕಲಿತು ನಡೆಸುವ ಪುರುಸೊತ್ತು ನಿಮ್ಮ ಮಿಲ್ಲಿನಲ್ಲಿ ಯಾರಿಗಿದೆ?

ಈಗ ನಿಮ್ಮ ಸಿಟ್ಟಿಗೆ ಬರುತ್ತೇನೆ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗೆ ವ್ಯವಸ್ಥೆಯ ತಿರುಳಾದ ಕರ್ನಲ್ ಇಲ್ಲ, ಇನ್‌ಸ್ಟಾಲರ್ ಇಲ್ಲ. ಆದರೆ 32 ಬಿಟ್‌ನ ಪ್ಯಾಕೇಜುಗಳು, ಅಂದರೆ ಹಾಕಿಕೊಳ್ಳಲು ಸಿದ್ಧವಾದ ತಂತ್ರಾಂಶಗಳು, ಇವೆ. 64 ಬಿಟ್ ಯಂತ್ರದೊಳಗೆ ಹಳೆಯ 32 ಬಿಟ್ ತಂತ್ರಾಂಶ ಓಡಿಸುವವರಿಗಾಗಿ ಅವನ್ನು ಉಳಿಸಿದ್ದಾರೆ. ಇದಕ್ಕೊಂದು ಸ್ವಾರಸ್ಯಕರ ಬಾಲವೂ ಇದೆ. ಹಳೆಯ 32 ಬಿಟ್ ಪದ್ಧತಿಯಲ್ಲಿ ಕಾಲವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತ ಬಂದಿದ್ದಾರೆ. ಆ ಎಣಿಕೆಯ ಡಬ್ಬಿ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ತುಂಬಿ, ತಾರೀಖು 1901ಕ್ಕೆ ಹಾರುತ್ತದೆ. ಡೆಬಿಯನ್ನಿನವರು ಈ ಸಲ ಉಳಿದ 32 ಬಿಟ್ ಯಂತ್ರಗಳಿಗೆಲ್ಲ ದೊಡ್ಡ ಡಬ್ಬಿ ಮಾಡಿಕೊಟ್ಟರು, ಪಿ.ಸಿ.ಯ 32 ಬಿಟ್‌ಗೆ ಮಾತ್ರ ಕೊಡಲಿಲ್ಲ. ಕೊಟ್ಟರೆ ಅದೇ ಹಳೆಯ ತಂತ್ರಾಂಶಗಳು ಕೆಡುತ್ತಿದ್ದವು. ಯಾವುದಕ್ಕಾಗಿ ಉಳಿಸಿದ್ದಾರೋ ಅದಕ್ಕೇ ಪೆಟ್ಟು ಬೀಳಬಾರದಲ್ಲ!

ನಿಮ್ಮನ್ನು ಕೇಳಲಿಲ್ಲ ಎಂಬ ಮಾತು ಅರ್ಧ ಸತ್ಯ. ಡೆಬಿಯನ್ನಿನಲ್ಲಿ ಪಾಪ್‌ಕಾನ್ ಎಂಬ ಎಣಿಕೆ ಇದೆ. ಯಾರ ಯಂತ್ರದಲ್ಲಿ ಯಾವ ಪ್ಯಾಕೇಜು ಬಳಕೆಯಲ್ಲಿದೆ ಎಂಬುದನ್ನು, ಒಪ್ಪಿದವರಿಂದ ಮಾತ್ರ, ಹೆಸರಿಲ್ಲದೆ ಪಡೆಯುತ್ತಾರೆ. ಹಾಕುವಾಗ ಅದು ಕೇಳುತ್ತದೆ, ನಾವೆಲ್ಲ ಬೇಡ ಎಂದು ಒತ್ತಿ ಮುಂದೆ ಹೋಗುತ್ತೇವೆ. ಗಂಜಿನ ಕಾಟಾಗಳು, ಅಡತಿ ಅಂಗಡಿಗಳು, ಸಹಕಾರ ಸಂಘಗಳ ಮೂಲೆಯ ಯಂತ್ರಗಳು ಇಂಟರ್ನೆಟ್ಟಿಗೇ ಬರುವುದಿಲ್ಲ. ಎಣಿಸುವವರ ಕಣ್ಣಿಗೆ ನೀವು ಇಲ್ಲವೇ ಇಲ್ಲ. ಇದು ನಿಮ್ಮ ತಪ್ಪು ಎಂದು ನಾನು ಹೇಳಲಾರೆ, ಅವರ ತಪ್ಪು ಎಂದೂ ಹೇಳಲಾರೆ.

ಪ್ರಶ್ನೆ: ಸರ್, ಬಿ.ಎಸ್‌ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಹಳೆಯ ಕೋಡ್ ಕೆಲಸ ಮಾಡುತ್ತಿದ್ದರೆ ಅದರ ಪಾಡಿಗೆ ಇರಲಿ ಬಿಡಬಹುದಲ್ಲ? ಬೇಕಾದವರು ಬಳಸುತ್ತಾರೆ, ಬೇಡದವರು ಬಿಡುತ್ತಾರೆ. ಕೋಡ್ ಏನು ರೊಟ್ಟಿ ಕೇಳುತ್ತದೆಯೇ?
(ವಿದ್ಯಾರ್ಥಿ, ಯಾದಗಿರಿ)

ಉತ್ತರ: ಕೇಳುತ್ತದೆ ತಮ್ಮಾ, ದಿನಾ ಕೇಳುತ್ತದೆ.

ಸುರಪುರದ ಕಡೆ ನನ್ನ ಅಜ್ಜಿಯ ಮನೆಯಂಗಳದಲ್ಲಿ ಹಗೇವು ಇತ್ತು. ನಿನ್ನ ಪೀಳಿಗೆಯವರು ನೋಡಿರಲಿಕ್ಕಿಲ್ಲ. ನೆಲದೊಳಗೆ ಹೂಜಿಯ ಆಕಾರಕ್ಕೆ ತೋಡಿದ ಜೋಳದ ಕಣಜ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿ ತೆಗೆದ ದಿನವೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಜೋಳ ತುಂಬುವುದು ನಿಂತಿತು. ಬಾಯಿಗೊಂದು ಶಹಾಬಾದ್ ಕಲ್ಲು ಎಳೆದು, ಮೇಲೆ ಮಣ್ಣು ಸಾರಿಸಿದರು. ಎಷ್ಟೋ ವರ್ಷಗಳ ನಂತರ ಅದೇ ಜಾಗದಲ್ಲಿ ತುಂಬಿದ ಬಂಡಿ ನಿಲ್ಲಿಸಿದಾಗ ಕಲ್ಲು ಒಡೆದು ಗಾಲಿ ಒಳಗಿಳಿಯಿತು, ಒಂದು ಎತ್ತಿನ ಕಾಲು ಮುರಿಯಿತು. ಮನೆಯ ಸೊಸೆಯಂದಿರಿಗೆ ಅಲ್ಲಿ ಹಗೇವು ಇದ್ದದ್ದೇ ಗೊತ್ತಿರಲಿಲ್ಲ.

2015ರ ಮೇ ತಿಂಗಳಲ್ಲಿ ಕಂಪ್ಯೂಟರ್ ಲೋಕದಲ್ಲಿ ಹೀಗೇ ಒಂದು ಕಲ್ಲು ಒಡೆಯಿತು. ಒಂದು ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ನಟಿಸುವ ಕ್ಯೂಇಎಂಯು ಎಂಬ ಮುಕ್ತ ತಂತ್ರಾಂಶವಿದೆ. ಅದರಲ್ಲಿ ಹುಸಿ ಫ್ಲಾಪಿ ಡ್ರೈವಿನ ಕೋಡ್ ಇತ್ತು. ಆ ಕೋಡಿನಲ್ಲಿ 2004ರಿಂದ ಒಂದು ದೋಷ ಮಲಗಿತ್ತು. ಒಳಗಿನ ಹುಸಿ ಯಂತ್ರದಲ್ಲಿ ಕುಳಿತವನು ಅದರ ಮೂಲಕ ಹೊರಗಿನ ನಿಜವಾದ ಯಂತ್ರಕ್ಕೆ ನುಗ್ಗಬಹುದಿತ್ತು. ಇದಕ್ಕೆ ವೆನಮ್ ಎಂದು ಹೆಸರಿಟ್ಟರು, ವಿಷ. ಫ್ಲಾಪಿಯನ್ನು ಯಾರು ಬಳಸುತ್ತಿದ್ದರು? ಯಾರೂ ಇಲ್ಲ. ಫ್ಲಾಪಿ ಬೇಡವೆಂದು ತೆಗೆದುಹಾಕಿದ್ದ ಕಡೆಯೂ ಇನ್ನೊಂದು ದೋಷದ ದೆಸೆಯಿಂದ ಆ ಕೋಡ್ ಒಳಗೊಳಗೆ ಜೀವಂತವಾಗಿಯೇ ಇತ್ತು. ಬೇಡದವರು ಬಿಡುತ್ತಾರೆ ಎಂದೆಯಲ್ಲ, ಬಿಟ್ಟವರ ಕಾಲೂ ಹಗೇವಿನೊಳಗೆ ಇಳಿಯಿತು.

ಅದರ ಹಿಂದಿನ ವರ್ಷ, 2014ರ ಏಪ್ರಿಲ್‌ನಲ್ಲಿ, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಕ್ಕಿತು. ಬ್ಯಾಂಕಿನಿಂದ ಹಿಡಿದು ಮಿಂಚಂಚೆಯವರೆಗೆ ಬಹಳ ಜನರ ಬೀಗ ಅದೇ. ಓಪನ್‌ಬಿಎಸ್‌ಡಿಯವರು ಅದರ ಕೋಡ್ ತೆರೆದು ನೋಡಿ ದಂಗಾದರು. ಹಳೆಯ ಮ್ಯಾಕ್, ಓಎಸ್/2, 16 ಬಿಟ್‌ನ ವಿಂಡೋಸ್, ವಿಎಂಎಸ್ ಹೀಗೆ ತೀರಿಹೋದ ಮತ್ತು ತೀರಿಹೋಗುತ್ತಿದ್ದ ಎಲ್ಲ ವ್ಯವಸ್ಥೆಗಳಿಗೂ ಅದರಲ್ಲಿ ಹಾದಿ ಬಿಟ್ಟಿದ್ದರು. ಓದಲು ಕುಳಿತರೆ ಪ್ರತಿ ನಾಲ್ಕು ಸಾಲಿಗೊಂದು 'ಇಂಥ ಯಂತ್ರವಾದರೆ ಹೀಗೆ' ಎಂಬ ಕವಲು. ಅವರು ಅದರ ಪ್ರತಿ ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂದು ಹೆಸರಿಟ್ಟು, ಮೊದಲ ವಾರದಲ್ಲೇ ಸುಮಾರು 90,000 ಸಾಲು ಕಿತ್ತೆಸೆದರು. ಹೆಚ್ಚಾಗಿ ಕೀಳುವುದರಿಂದಲೇ ಕೋಡನ್ನು ಕಣ್ಣಾಡಿಸಬಹುದಾದ ಅಳತೆಗೆ ತಂದರು. ಕಳೆ ಕೀಳದ ಹೊಲದಲ್ಲಿ ಹಾವು ಕಾಣುವುದಿಲ್ಲ ಎಂದು ನಮ್ಮ ಕಡೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಇನ್ನು ರೊಟ್ಟಿಯ ಲೆಕ್ಕ. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಮೊದಲ ಲಿನಕ್ಸ್ ಬರೆದದ್ದು ಇಂಟೆಲ್ 386 ಪ್ರೊಸೆಸರಿನ ಯಂತ್ರದಲ್ಲಿ. 2012ರ ಡಿಸೆಂಬರ್‌ನಲ್ಲಿ ಅದೇ 386ರ ಬೆಂಬಲವನ್ನು ಲಿನಕ್ಸಿನಿಂದ ತೆಗೆಯಲಾಯಿತು. ತವರನ್ನೇ ಮರೆತರಲ್ಲ ಎಂದು ನನಗೂ ಆಗ ಅನ್ನಿಸಿತ್ತು. ಟೊರ್ವಾಲ್ಡ್ಸ್ ಮಾತ್ರ ಪೀಡೆ ತೊಲಗಿತು ಎಂಬ ಧಾಟಿಯಲ್ಲಿ ಒಪ್ಪಿಕೊಂಡುಬಿಟ್ಟರು. ಕಾರಣ ಹೀಗಿದೆ. ಒಂದು ಬೆಲೆಯನ್ನು ನೋಡಿ, ಅದು ನಾವೆಣಿಸಿದಂತೆಯೇ ಇದ್ದರೆ ಒಂದೇ ಏಟಿಗೆ ಬದಲಿಸುವ ಸೂಚನೆ ಅದರ ಮುಂದಿನ ಪ್ರೊಸೆಸರ್ 486ರಲ್ಲಿ ಬಂತು, 386ರಲ್ಲಿ ಇರಲಿಲ್ಲ. ಹಲವು ಪ್ರೊಸೆಸರುಗಳು ಒಟ್ಟಿಗೆ ದುಡಿಯುವ ಇಂದಿನ ಯಂತ್ರಗಳು ನಿಂತಿರುವುದೇ ಅಂಥ ಸೂಚನೆಗಳ ಮೇಲೆ. ಆದ್ದರಿಂದ ಯಾರು ಏನು ಬರೆದರೂ, ಇದು 386ರಲ್ಲಿ ಹೇಗೆ ನಡೆಯಬೇಕು ಎಂದು ಇನ್ನೊಂದು ದಾರಿ ಬರೆಯಬೇಕಿತ್ತು. ಮನೆಗೆ ಬಾರದ ನೆಂಟನಿಗೆ ದಿನವೂ ಎಲೆ ಹಾಕಿ ಕಾದಂತೆ. ಆ ರೊಟ್ಟಿ ಬಡಿಯುತ್ತಿದ್ದವರಲ್ಲಿ ಎಷ್ಟೋ ಜನ ಬಿಟ್ಟಿ ದುಡಿಯುವ ಉತ್ಸಾಹಿಗಳು.

ಹಾಗೆಂದು ಕತ್ತರಿ ಹಿಡಿದವರೆಲ್ಲ ಜಾಣರು ಎಂದು ನಾನು ವಾದಿಸುತ್ತಿಲ್ಲ. ಓಪನ್‌ಬಿಎಸ್‌ಡಿಯವರು 2014ರಲ್ಲಿ ಬ್ಲೂಟೂತ್ ಬೆಂಬಲವನ್ನೇ ತೆಗೆದರು. ಇದ್ದದ್ದು ಸರಿಯಾಗಿ ನಡೆಯುತ್ತಿರಲಿಲ್ಲ, ಸರಿಪಡಿಸುವವರು ಮುಂದೆ ಬರಲಿಲ್ಲ. ಹತ್ತು ವರ್ಷ ಕಳೆದರೂ ಮತ್ತೆ ಬಂದಿಲ್ಲ. ಅವರ ತರ್ಕ ನನಗೆ ಅರ್ಥವಾಗುತ್ತದೆ, ಆದರೂ ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿಕೊಳ್ಳುವುದಿಲ್ಲ. ಇನ್ನೊಂದು, 2019ರ ಜೂನ್‌ನಲ್ಲಿ ಉಬುಂಟು ಎಂಬ ಇನ್ನೊಂದು ಲಿನಕ್ಸ್ ತನ್ನ ಮುಂದಿನ ಆವೃತ್ತಿಯಿಂದ 32 ಬಿಟ್ ಪ್ಯಾಕೇಜುಗಳನ್ನು ಪೂರ್ತಿ ಕೈಬಿಡುವುದಾಗಿ ಸಾರಿತು. ಹಳೆಯ ಆಟಗಳನ್ನಾಡುವವರು, ವೈನ್ ಮೂಲಕ ವಿಂಡೋಸ್ ತಂತ್ರಾಂಶ ನಡೆಸುವವರು ಬೊಬ್ಬೆ ಹಾಕಿದರು, ಆಟಗಳನ್ನು ಮಾರುವ ಸ್ಟೀಮ್ ಕೂಡ ತಾನು ಹೊರಡುತ್ತೇನೆ ಎಂದಿತು. ಒಂದೇ ವಾರದಲ್ಲಿ ಉಬುಂಟು ಮಾತು ಬದಲಿಸಿ, ಆಯ್ದ ಪ್ಯಾಕೇಜುಗಳನ್ನು ಉಳಿಸಿಕೊಂಡಿತು. ಮೊದಲೇ ವಿಚಾರಿಸಿದ್ದರೆ ಆ ಮುಖಭಂಗ ತಪ್ಪುತ್ತಿತ್ತು. ಅದೇ ವರ್ಷ ಜುಲೈಯಲ್ಲಿ ಟೊರ್ವಾಲ್ಡ್ಸ್ ಲಿನಕ್ಸಿನ ಫ್ಲಾಪಿ ಡ್ರೈವರಿಗೆ 'ಅನಾಥ' ಎಂಬ ಚೀಟಿ ಅಂಟಿಸಿದರು, ನೋಡಿಕೊಳ್ಳುತ್ತಿದ್ದವರ ಬಳಿಯೇ ನಡೆಯುವ ಫ್ಲಾಪಿ ಡ್ರೈವ್ ಉಳಿದಿರಲಿಲ್ಲ. ಆದರೆ ತೆಗೆದುಹಾಕಲಿಲ್ಲ. ಆಮೇಲೆ ಇನ್ನೊಬ್ಬರು ಬಂದು ಕೈಗೆತ್ತಿಕೊಂಡರು. ನನ್ನ ಮಟ್ಟಿಗೆ ಇದೇ ಸರಿಯಾದ ಕ್ರಮ, ಹೀಗೆ ಮೊದಲು ಡಂಗುರ ಸಾರಬೇಕು, ಕಾಯಬೇಕು, ಯಾರೂ ಓಗೊಡದಿದ್ದರೆ ಆಮೇಲೆ ಕೀಳಬೇಕು.

ಡಂಗುರ ಕೇಳಿಸಿಕೊಳ್ಳುವ ಕಿವಿಯೂ ಬೇಕು ಎನ್ನುವುದಕ್ಕೆ ನಾನೇ ಉದಾಹರಣೆ. ಡಿ.ಟಿ.ಪಿ. ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ನನ್ನ ಯಂತ್ರದಲ್ಲಿ ಸೂಸೆ ಲಿನಕ್ಸ್ ಇತ್ತು. ಆಗ ಅದು ಡಿಸ್ಕನ್ನು ರೈಸರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಸಜ್ಜುಗೊಳಿಸುತ್ತಿತ್ತು. ನೂರಾರು ಲಗ್ನಪತ್ರಿಕೆಗಳ, ಜಾತ್ರೆಯ ಕರಪತ್ರಗಳ ವಿನ್ಯಾಸ ಆ ಡಿಸ್ಕಿನಲ್ಲಿತ್ತು. ಈ ವರ್ಷ ಒಬ್ಬರು ಬಂದು ತಮ್ಮ ಲಗ್ನದ ಪತ್ರಿಕೆಯ ಪ್ರತಿ ಕೇಳಿದರು, ಮಗಳ ಲಗ್ನಕ್ಕೆ ಅದೇ ಮಾದರಿ ಬೇಕಂತೆ. ಡಿಸ್ಕ್ ಜೋಡಿಸಿದೆ. ಇದು ಯಾವ ಕಡತ ವ್ಯವಸ್ಥೆಯೋ ಗೊತ್ತಿಲ್ಲ ಎಂದಿತು ಹೊಸ ಕರ್ನಲ್. ಅರ್ಧ ದಿನ ಶಪಿಸಿದ ಮೇಲೆ ತಿಳಿಯಿತು, 2025ರ ಜನವರಿಯಲ್ಲಿ ಬಂದ ಕರ್ನಲ್ 6.13ರಲ್ಲಿ ರೈಸರ್‌ಎಫ್‌ಎಸ್ ಕಿತ್ತಿದ್ದಾರೆ. ಹಾಗೆ ಮಾಡುವುದಾಗಿ 2022ರಲ್ಲಿ 5.18ರಿಂದಲೇ ಎಚ್ಚರಿಕೆ ಕೊಡುತ್ತ ಬಂದಿದ್ದರು, ಇಸವಿ ಸಮೇತ. ನಾನು ಆ ಸಾಲು ಓದಿರಲಿಲ್ಲ. ಮೇಜಿನ ಖಾನೆಯಲ್ಲಿ ಬಿದ್ದಿದ್ದ ಹಳೆಯ ಲೈವ್ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿದಾಗ ಡಿಸ್ಕ್ ತೆರೆಯಿತು. ಅಂದೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಸಾಗಿಸಿದೆ. ಕೀಳುವುದೆಂದರೆ ಮುಂದಿನ ಆವೃತ್ತಿಯಿಂದ ಕೀಳುವುದು, ಹಿಂದಿನದು ಎಲ್ಲೂ ಹೋಗುವುದಿಲ್ಲ. ಮುಚ್ಚಿದ ತಂತ್ರಾಂಶದಲ್ಲಿ ಈ ಹಿಂದಿನ ಬಾಗಿಲು ನನಗೆ ಸಿಗುತ್ತಿತ್ತೇ, ಸಂಶಯ.

ಪ್ರಶ್ನೆ: ನಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿವೆ. ಅವನ್ನು ಈಗ ಎಲ್ಲ ಯಂತ್ರಗಳೂ ಓದುವ ಯೂನಿಕೋಡಿಗೆ ತಿರುಗಿಸುವ, ಪೈಥಾನ್ ಭಾಷೆಯ ಪುಟ್ಟ ಪ್ರೋಗ್ರಾಮನ್ನು ಹಿಂದೊಬ್ಬರು ಮಾಡಿಕೊಟ್ಟಿದ್ದರು. ಲ್ಯಾಬಿನ ಯಂತ್ರಗಳನ್ನು ಹೊಸದು ಮಾಡಿಸಿದ ಮೇಲೆ ಅದು ಏಳುತ್ತಲೇ ಇಲ್ಲ.
(ಶಿಕ್ಷಕಿ, ಔರಾದ, ಬೀದರ್ ಜಿಲ್ಲೆ)

ಉತ್ತರ: ಟೀಚರ್, ನಿಮ್ಮ ಪ್ರೋಗ್ರಾಮ್ ಪೈಥಾನ್ 2ರಲ್ಲಿ ಬರೆದದ್ದು. ಅದರ ಆಯುಸ್ಸು 2020ರ ಜನವರಿ 1ಕ್ಕೆ ಮುಗಿಯಿತು, ಡೆಬಿಯನ್ 12ರಿಂದ ಪೂರ್ತಿ ಹೊರಗೆ. ಪೈಥಾನ್ 2 ಅಕ್ಷರವನ್ನೂ ಬರೀ ಬೈಟುಗಳನ್ನೂ ಒಂದೇ ಚೀಲಕ್ಕೆ ತುಂಬುತ್ತಿತ್ತು. ಇಂಗ್ಲಿಷಿನವರಿಗೆ ಅದರಿಂದ ತೊಂದರೆ ಕಾಣಲಿಲ್ಲ, ಕನ್ನಡದಂಥ ಲಿಪಿಯವರು ಒದ್ದಾಡಿದೆವು. ಪೈಥಾನ್ 3 ಎರಡನ್ನೂ ಬೇರೆ ಮಾಡಿತು, ಆದ್ದರಿಂದ ಈ ಬದಲಾವಣೆಯಲ್ಲಿ ನಾನು ಕಿತ್ತವರ ಪಕ್ಷ.

ಹಳೆಯ ಪ್ರೋಗ್ರಾಮನ್ನು ಹೊಸದಕ್ಕೆ ಹೊಂದಿಸಲು '2 ಟು 3' ಎಂಬ ಸಾಧನ ಪೈಥಾನಿನ ಜೊತೆಗೇ ಬರುತ್ತಿತ್ತು. ತಮಾಷೆ ನೋಡಿ, 2024ರ ಅಕ್ಟೋಬರಿನ ಪೈಥಾನ್ 3.13ರಲ್ಲಿ ಆ ಸಾಧನವನ್ನೇ ಹಳತೆಂದು ತೆಗೆದರು. ಹೊಳೆ ದಾಟಿಸುವ ಅಂಬಿಗನನ್ನೂ ನಿವೃತ್ತಿ ಮಾಡಿದ ಹಾಗೆ. ಡೆಬಿಯನ್ 12 ಇರುವ ಯಾವುದಾದರೂ ಯಂತ್ರದಲ್ಲಿ ಅದು ಸಿಗುತ್ತದೆ. ಅಲ್ಲಿ ತಿರುಗಿಸಿದ ಮೇಲೂ, ಕಡತ ತೆರೆಯುವ ಸಾಲುಗಳಲ್ಲಿ ಹಳೆಯ ಕಡತ ಯಾವ ಸಂಕೇತದಲ್ಲಿದೆ ಎಂದು ಕೈಯಿಂದಲೇ ಬರೆಯಬೇಕಾಗುತ್ತದೆ. ಪ್ರೋಗ್ರಾಮನ್ನು ನನಗೆ ಕಳಿಸಿ, ಎರಡು ಸಾಲಿನ ಕೆಲಸ. ಮೂಲ ಕಡತಗಳನ್ನು ಮಾತ್ರ ಅಳಿಸಬೇಡಿ. ಹಳೆಯ ನುಡಿಯಲ್ಲಿ ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ, ತಿರುಗಿಸುವಾಗ ಅರ್ಕಾವತ್ತು ಹಾದಿ ತಪ್ಪುವುದುಂಟು.

ಪ್ರಶ್ನೆ: ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದವನು. ಯಂತ್ರದ ಜಾಲದ ಜೋಡಣೆ ತೋರಿಸುವ ಐಎಫ್‌ಕಾನ್ಫಿಗ್ ಎಂಬ ಆಜ್ಞೆ ಬೆರಳಿಗೆ ಅಂಟಿದೆ, ಹೊಸ ಲಿನಕ್ಸಿನಲ್ಲಿ ಅದೇ ಇಲ್ಲ. ಕೆಲಸ ಅದೇ ಇರುವಾಗ ಹೆಸರು ಬದಲಿಸಿ ಮುದುಕರನ್ನು ಏಕೆ ಕಾಡುತ್ತಾರೆ?
(ಬೀದರ್)

ಉತ್ತರ: ಕಾಕಾ, ಹೆಸರಿನ ವಿಷಯದಲ್ಲಿ ನಮ್ಮೂರಿನವರನ್ನು ಕೇಳಿ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ವಿಶ್ವವಿದ್ಯಾಲಯ ಇಂದಿಗೂ ಗುಲಬರ್ಗಾ ವಿಶ್ವವಿದ್ಯಾಲಯವೇ. ಎರಡೂ ಹೆಸರಿನ ಕಾಗದ ಸರಿಯಾದ ಮನೆಗೇ ಬರುತ್ತದೆ. ಲಿನಕ್ಸಿನಲ್ಲೂ ಈ ಏರ್ಪಾಡು ಇದೆ. 'ಬಿನ್' ಎಂಬ ಹಳೆಯ ಕಡತಕೋಶ ಈಗ ಬರೀ ಫಲಕ, ಒಳಗೆ ಹೋದರೆ 'ಯುಎಸ್‌ಆರ್' ಕೆಳಗಿನ ಬಿನ್‌ಗೆ ಕರೆದೊಯ್ಯುತ್ತದೆ. ಯಾರಿಗೂ ಗೊತ್ತೇ ಆಗಲಿಲ್ಲ.

ಐಎಫ್‌ಕಾನ್ಫಿಗ್ ಕತೆ ಬೇರೆ. ಅದನ್ನು ನೋಡಿಕೊಳ್ಳುವವರು ಕಡಿಮೆಯಾಗಿದ್ದರು, ಒಂದೇ ಜೋಡಣೆಗೆ ಎರಡು ಮೂರು ವಿಳಾಸ ಇದ್ದರೆ ಅದು ಎಲ್ಲವನ್ನೂ ತೋರಿಸುತ್ತಿರಲಿಲ್ಲ. ಅದಕ್ಕೆ 2017ರ ಡೆಬಿಯನ್ 9ರಿಂದ ತಾನಾಗಿ ಬರುವ ಪಟ್ಟಿಯಿಂದ ಬಿಟ್ಟರು, ಮೊದಲೇ ಇದ್ದ ಐಪಿ ಎಂಬ ಆಜ್ಞೆ ಅದರ ಜಾಗಕ್ಕೆ ಬಂತು. ಕಳೆದಿಲ್ಲ, ನೆಟ್‌ಟೂಲ್ಸ್ ಎಂಬ ಪ್ಯಾಕೇಜು ಹಾಕಿಕೊಂಡರೆ ಮತ್ತೆ ಬರುತ್ತದೆ. ಹಾಕಿಕೊಳ್ಳಿ. ನಾನೂ ಹಾಕಿಕೊಂಡಿದ್ದೇನೆ, ಹುಡುಗರಿಗೆ ಹೇಳಬೇಡಿ.

ಪ್ರಶ್ನೆ: ಅಡತಿ ಅಂಗಡಿಯಲ್ಲಿ ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ಗಂಡಾಂತರ ಇದೆಯೇ?
(ಶಹಾಪುರ)

ಉತ್ತರ: ಸದ್ಯಕ್ಕೆ ಇಲ್ಲ. ಅಗಲ ಕೇಬಲ್ಲಿನ ಪ್ಯಾರಲಲ್ ಪೋರ್ಟಿನ ಡ್ರೈವರ್ ಲಿನಕ್ಸಿನಲ್ಲಿ ಇನ್ನೂ ಇದೆ. ಮುದ್ರಣ ನೋಡಿಕೊಳ್ಳುವ ಕಪ್ಸ್ ತಂತ್ರಾಂಶದವರು ಮಾತ್ರ ಹಳೆಯ ಮಾದರಿಯ ಪ್ರಿಂಟರ್ ಡ್ರೈವರುಗಳನ್ನು ಮುಂದಿನ ದೊಡ್ಡ ಆವೃತ್ತಿಯಲ್ಲಿ ಕೈಬಿಡುವುದಾಗಿ ಬಹಳ ದಿನಗಳಿಂದ ಹೇಳುತ್ತಿದ್ದಾರೆ. ನೀವು ಇಂಗ್ಲಿಷ್ ಅಂಕೆ ಅಕ್ಷರಗಳ ಚೀಟಿ ಮಾತ್ರ ಹೊಡೆಯುವುದಾದರೆ ಕಪ್ಸಿನ ಹಂಗಿಲ್ಲದೆ ನೇರವಾಗಿ ಪೋರ್ಟಿಗೇ ಪಠ್ಯ ಕಳಿಸಬಹುದು. ಕನ್ನಡ ಬೇಕಾದರೆ ಚಿತ್ರವಾಗಿ ಕಳಿಸಬೇಕು, ಆಗ ಡ್ರೈವರ್ ಬೇಕೇ ಬೇಕು. ನನಗೆ ಕಾಣುವ ನಿಜವಾದ ಗಂಡಾಂತರ ರಿಬ್ಬನ್ನಿನದು. ಸೂಪರ್ ಮಾರ್ಕೆಟಿನಲ್ಲಿ ಈಗ ಎರಡು ಅಂಗಡಿ ಅಲೆದರೆ ಒಂದು ಸಿಗುತ್ತದೆ. ನನ್ನ ಬಳಿ ಆರು ಇವೆ, ಕೇಳಬೇಡಿ.